ಬ್ಯಾಂಕಿನಲ್ಲಿ 18.5 ಲಕ್ಷವಿರುವಾಗ ವಂತಿಗೆ ಏಕೆ? ನಮ್ಮ ಯಕ್ಷಗಾನ ಸಂಘದ ಮೀಸಲು ನಿಧಿಯ ಕುರಿತು ಚರ್ಚೆ

ಕೋಶಾಧಿಕಾರಿ, ಉಡುಪಿ

ಮಾನ್ಯ ಸದಸ್ಯರೇ,

ಮಹಾಸಭೆಯ ನೋಟೀಸಿನ ಜೊತೆ ಕಳುಹಿಸಿದ 2025-26ರ ಲೆಕ್ಕಪತ್ರವನ್ನು ನೋಡಿ ಹಲವರು ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. ಬ್ಯಾಂಕಿನಲ್ಲಿ 18.5 ಲಕ್ಷ ರೂಪಾಯಿ ಇರುವಾಗ ಈ ವರ್ಷವೂ ರಶೀದಿ ಪುಸ್ತಕ ಹಿಡಿದು ಮನೆಮನೆಗೆ ವಂತಿಗೆಗೆ ಹೋಗುವುದು ನ್ಯಾಯವೇ ಎಂಬುದು ಆ ಪ್ರಶ್ನೆ. ಸಭೆಯಲ್ಲಿ ನಾಲ್ಕು ಮಾತಿನಲ್ಲಿ ಉತ್ತರಿಸಿ ಮುಗಿಸುವ ವಿಷಯ ಇದಲ್ಲವಾದ್ದರಿಂದ, ಎಲ್ಲರೂ ಮುಂಚಿತವಾಗಿ ಓದಿಕೊಂಡು ಬರಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಈ 18.5 ಲಕ್ಷ ಒಂದೇ ಗಂಟಲ್ಲ. ಅದರಲ್ಲಿ 9 ಲಕ್ಷ ಶಾಶ್ವತ ನಿಧಿ. ಅಸಲನ್ನು ಮುಟ್ಟಬಾರದು, ಬರುವ ಬಡ್ಡಿಯಿಂದ ಮಕ್ಕಳ ತರಗತಿ ನಡೆಯಬೇಕು ಎಂಬ ಉದ್ದೇಶದಿಂದ ದಾನಿಗಳು ಕೊಟ್ಟ ಹಣ. 4 ಲಕ್ಷ ಸಭಾಭವನದ ಮಾಡಿನ (ಛಾವಣಿಯ) ದುರಸ್ತಿಗೆಂದು ಕಾರ್ಯಕಾರಿ ಸಮಿತಿ ನಿರ್ಣಯ ಮಾಡಿ ತೆಗೆದಿರಿಸಿದ್ದು. 1.9 ಲಕ್ಷ ಮುಂದಿನ ತಿರುಗಾಟದ ಅವಧಿಯ ಮಕ್ಕಳ ಪ್ರದರ್ಶನಗಳಿಗೆ ಪ್ರಾಯೋಜಕರು ಮುಂಗಡವಾಗಿ ಕೊಟ್ಟದ್ದು. ಪ್ರದರ್ಶನ ನಡೆಯದಿದ್ದರೆ ಅದನ್ನು ಹಿಂದಿರುಗಿಸಬೇಕಾಗುತ್ತದೆ. ಆದ್ದರಿಂದ ಲೆಕ್ಕದಲ್ಲಿ ಅದು ನಮ್ಮ ಆಸ್ತಿಯ ಕಡೆಗಿಂತ ಹೊಣೆಯ ಕಡೆಗೇ ಸೇರುತ್ತದೆ. ಇವೆಲ್ಲವನ್ನೂ ಕಳೆದರೆ ಯಾರ ಷರತ್ತೂ ಇಲ್ಲದೆ ಸಂಘವು ಬಳಸಬಹುದಾದ ಹಣ 3.6 ಲಕ್ಷ ರೂಪಾಯಿ ಮಾತ್ರ.

ಕಳೆದ ವರ್ಷ ನಮಗೆ ಬಂದದ್ದು 8 ಲಕ್ಷ, ಖರ್ಚಾದದ್ದು 7.2 ಲಕ್ಷ. ತಿಂಗಳಿಗೆ ಸರಾಸರಿ 60,000. ನಾಟ್ಯ ಗುರುಗಳಿಗೆ, ಭಾಗವತರಿಗೆ, ಚೆಂಡೆ-ಮದ್ದಳೆ ಕಲಿಸುವವರಿಗೆ ಕೊಡುವ ಗೌರವಧನವೇ ಇದರ ದೊಡ್ಡ ಪಾಲು. ಉಳಿದದ್ದು ವಿದ್ಯುತ್ತು, ವೇಷಭೂಷಣದ ರಿಪೇರಿ, ವಾಹನ ಬಾಡಿಗೆ. ಹೀಗಾಗಿ 3.6 ಲಕ್ಷವೆಂದರೆ ಒಂದು ರೂಪಾಯಿಯೂ ಬಾರದಿದ್ದರೆ ಆರು ತಿಂಗಳು ಸಂಘವನ್ನು ನಡೆಸುವಷ್ಟು ಹಣ.

ನನ್ನ ಸಲಹೆ ಇಷ್ಟೇ: ಆರು ತಿಂಗಳ ಖರ್ಚಿನಷ್ಟು ಹಣವನ್ನು ಮೀಸಲು ನಿಧಿಯಾಗಿ ಇಟ್ಟುಕೊಳ್ಳಬೇಕೆಂದು ಮಹಾಸಭೆಯಲ್ಲಿ ಬರವಣಿಗೆಯ ನಿರ್ಣಯ ಆಗಲಿ. ಯಾವಾಗ ಅದನ್ನು ಮುಟ್ಟಬಹುದು, ಯಾರ ಒಪ್ಪಿಗೆ ಬೇಕು, ಮುಟ್ಟಿದ ಮೇಲೆ ಎಷ್ಟು ಕಾಲದಲ್ಲಿ ತುಂಬಿಸಬೇಕು ಎಂಬುದೂ ಅದರಲ್ಲಿ ಇರಲಿ. ಸಮಿತಿ ಬದಲಾದಾಗಲೆಲ್ಲ ನೀತಿಯೂ ಬದಲಾಗುವುದು ಬೇಡ.

ಸ್ಥಾಪಕ ಸದಸ್ಯ, ನಿವೃತ್ತ ಶಿಕ್ಷಕ

ಕೋಶಾಧಿಕಾರಿಗಳ ಶ್ರಮಕ್ಕೆ ಅಭಿನಂದನೆಗಳು. ಆದರೂ ನನ್ನ ಮನಸ್ಸಿಗೆ ಒಂದು ಮಾತು ಒಪ್ಪಿಗೆಯಾಗುತ್ತಿಲ್ಲ. ಈ ಸಂಘವನ್ನು ಕಟ್ಟಿದಾಗ ನಮ್ಮಲ್ಲಿ ಠೇವಣಿ ಎಂಬುದೇ ಇರಲಿಲ್ಲ. ಬಂದ ವಂತಿಗೆ ಆ ವರ್ಷದ ಆಟಕ್ಕೆ, ಆ ವರ್ಷದ ಮಕ್ಕಳಿಗೆ ಖರ್ಚಾಗುತ್ತಿತ್ತು. ಮರುವರ್ಷ ಮತ್ತೆ ಊರಿನವರ ಮನೆ ಬಾಗಿಲಿಗೆ ಹೋಗುತ್ತಿದ್ದೆವು. ಹಾಗೆ ಹೋಗುವುದರಲ್ಲಿ ಅವಮಾನವಿರಲಿಲ್ಲ, ಊರಿಗೂ ಸಂಘಕ್ಕೂ ಅದೇ ಬಂಧವಾಗಿತ್ತು. ಬೀಡಿ ಕಟ್ಟುವ ತಾಯಂದಿರು ಐವತ್ತು ರೂಪಾಯಿ ಕೊಡುವಾಗ ಅದು ಠೇವಣಿಯಾಗಲಿ ಎಂದು ಕೊಡುವುದಿಲ್ಲ, ತಮ್ಮ ಮಗು ಗೆಜ್ಜೆ ಕಟ್ಟಲಿ ಎಂದು ಕೊಡುತ್ತಾರೆ. ಆ ಹಣವನ್ನು ವರ್ಷಗಟ್ಟಲೆ ಬ್ಯಾಂಕಿನಲ್ಲಿ ಇಟ್ಟುಕೊಳ್ಳುವ ಅಧಿಕಾರ ನಮಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಬೇಕು.

ನಾಟ್ಯ ಗುರುಗಳು

ಮಾಸ್ಟ್ರೇ, ನಿಮ್ಮ ಮಾತನ್ನು ಗೌರವಿಸುತ್ತಲೇ ಒಂದು ವಿಷಯ ನೆನಪಿಸುತ್ತೇನೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂದಾಗ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಇನ್ನೂ ಎರಡು ತಿಂಗಳಿತ್ತು. ಮೇಳಗಳು ತಿರುಗಾಟ ನಿಲ್ಲಿಸಿ ಪೆಟ್ಟಿಗೆ ಕಟ್ಟಿದವು, ಕಲಾವಿದರು ಮನೆ ಸೇರಿದರು. ನಮ್ಮ ಸಂಘದ ಪ್ರದರ್ಶನಗಳೂ ರದ್ದಾದವು, ಆ ಸ್ಥಿತಿಯಲ್ಲಿ ವಂತಿಗೆ ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಆದರೂ ಆಗ ಸಂಘವು ಉಳಿಕೆ ಹಣದಿಂದ ನಮಗೆ ಅರ್ಧ ಗೌರವಧನವನ್ನು ಕೊಡುತ್ತ ಬಂತು. ಅದರಿಂದಾಗಿಯೇ ನಮ್ಮ ಮದ್ದಳೆಗಾರರು ಬೇರೆ ಕೆಲಸ ಹುಡುಕಿಕೊಂಡು ಊರು ಬಿಡಲಿಲ್ಲ. ಅವರು ಹೋಗಿದ್ದರೆ ತರಗತಿಯನ್ನು ಮತ್ತೆ ಆರಂಭಿಸಲು ನಮ್ಮಿಂದ ಸಾಧ್ಯವಾಗುತ್ತಿರಲಿಲ್ಲ.

ಇನ್ನೊಂದು ಸಂಗತಿ. ನಮ್ಮ ವೇಷದ ಪೆಟ್ಟಿಗೆಯನ್ನು ದಯವಿಟ್ಟು ಒಮ್ಮೆ ತೆರೆದು ನೋಡಿ. ಹಗುರ ಮರದ ಮೇಲೆ ಬೇಗಡೆ ಅಂಟಿಸಿದ ಭುಜಕೀರ್ತಿ, ಎದೆಪದಕಗಳು ಮಳೆಗಾಲದ ತೇವಕ್ಕೆ ಅಂಚಿನಿಂದ ಬಿಡುತ್ತ ಬರುತ್ತವೆ; ಪ್ರತಿ ವರ್ಷ ಒಂದೆರಡನ್ನು ಸರಿ ಮಾಡಿಸುತ್ತೇವೆ, ಉಳಿದವನ್ನು ದಾರ ಕಟ್ಟಿ ನಡೆಸುತ್ತೇವೆ. ಮದ್ದಳೆಯ ಚರ್ಮದ ಮುಚ್ಚಿಗೆಯನ್ನು ಬದಲಿಸುವ ಖರ್ಚು ಯಾವ ತಿಂಗಳಲ್ಲಿ ಬರುತ್ತದೆಂದು ಹೇಳಲಾಗುವುದಿಲ್ಲ. ಇಡೀ ವೇಷಭೂಷಣವನ್ನು ಹೊಸದಾಗಿ ಮಾಡಿಸಬೇಕಾದ ವರ್ಷ ಬಂದೇ ಬರುತ್ತದೆ. ಆ ಖರ್ಚು ಇಂದಿನ ಲೆಕ್ಕಪತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಸದಸ್ಯೆ, ಲೆಕ್ಕಪರಿಶೋಧಕಿ, ಮಂಗಳೂರು

ಗುರುಗಳು ಹೇಳಿದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ವೇಷಭೂಷಣ ಕೊಂಡ ವರ್ಷದಲ್ಲಿ ಅದರ ಪೂರ್ತಿ ಮೊತ್ತವನ್ನು ಸಂಘದ ಉದ್ದೇಶಕ್ಕಾಗಿ ಮಾಡಿದ ಖರ್ಚೆಂದು ತೋರಿಸಿದ ಮೇಲೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಅದರ ಮೇಲೆ ಮತ್ತೆ ಸವಕಳಿ (ವರ್ಷವರ್ಷ ಕುಗ್ಗುವ ಬೆಲೆ) ಕಳೆಯಲು ಅವಕಾಶವಿಲ್ಲ. ಹಾಗಾಗಿ ಹೊಸ ವೇಷಭೂಷಣದ ಹಣ ತನ್ನಿಂದ ತಾನೇ ಒಟ್ಟಾಗುವುದಿಲ್ಲ, ನಾವೇ ಪ್ರತ್ಯೇಕವಾಗಿ ತೆಗೆದಿರಿಸಬೇಕು.

ಮಾಸ್ಟ್ರ ಪ್ರಶ್ನೆಗೆ ಕಾನೂನಿನಲ್ಲಿಯೇ ಉತ್ತರವಿದೆ. ತೆರಿಗೆ ವಿನಾಯಿತಿ ಪಡೆದ ಸಂಸ್ಥೆಯು ವರ್ಷದ ಆದಾಯದ ಶೇಕಡಾ 85ನ್ನು ತನ್ನ ಉದ್ದೇಶಕ್ಕೆ ಬಳಸಲೇಬೇಕು. ಶೇಕಡಾ 15ರವರೆಗೆ ಮಾತ್ರ ಯಾವ ಕಾರಣವನ್ನೂ ಹೇಳದೆ ಉಳಿಸಿಕೊಳ್ಳಬಹುದು. ನಮ್ಮ 8 ಲಕ್ಷದ ಆದಾಯಕ್ಕೆ ಇದು 1.2 ಲಕ್ಷವಾಗುತ್ತದೆ. ಕಳೆದ ವರ್ಷ ನಾವು ಉಳಿಸಿದ್ದು 80,000, ಅಂದರೆ ಮಿತಿಯೊಳಗೇ ಇದ್ದೇವೆ. ಊರಿನವರ ಹಣವನ್ನು ಖರ್ಚು ಮಾಡದೆ ಕೂಡಿಡುವ ಸ್ವಾತಂತ್ರ್ಯ ನಮಗೆ ಇಲ್ಲ ಎಂಬ ನಿಮ್ಮ ಮಾತನ್ನು ಕಾಯ್ದೆಯೂ ಒಪ್ಪುತ್ತದೆ. ಆದರೆ ಕಷ್ಟಕಾಲಕ್ಕೆಂದು ಸ್ವಲ್ಪ ಉಳಿಸಿಕೊಳ್ಳುವುದನ್ನೂ ಅದೇ ಕಾಯ್ದೆ ಒಪ್ಪುತ್ತದೆ. ಪೂರ್ತಿ ಮಿತಿಯಷ್ಟು ಉಳಿಸಿದರೂ ಆರು ತಿಂಗಳ ಖರ್ಚು ಸೇರಲು ಮೂರು ವರ್ಷ ಬೇಕು. ಒಮ್ಮೆ ಕರಗಿದ ಮೀಸಲನ್ನು ಒಂದೇ ವರ್ಷದಲ್ಲಿ ತುಂಬಿಸಲಾಗದು ಎಂಬುದನ್ನು ನಿರ್ಣಯ ಬರೆಯುವವರು ನೆನಪಿಡಬೇಕು.

ಶೇಕಡಾ 15ಕ್ಕಿಂತ ಹೆಚ್ಚು ಉಳಿಸಬೇಕಾದರೆ ದಾರಿ ಬೇರೆ. 1961ರ ಆದಾಯ ತೆರಿಗೆ ಕಾಯ್ದೆಯ 11(2)ನೇ ಕಲಮಿನಂತೆ, ನಿರ್ದಿಷ್ಟ ಉದ್ದೇಶವನ್ನು ಹೆಸರಿಸಿ, ಫಾರ್ಮ್ 10ನ್ನು ರಿಟರ್ನ್ ಸಲ್ಲಿಸುವ ಕೊನೆಯ ದಿನಕ್ಕಿಂತ ಎರಡು ತಿಂಗಳು ಮೊದಲೇ ಸಲ್ಲಿಸಿ, ಗರಿಷ್ಠ ಐದು ವರ್ಷಗಳವರೆಗೆ ಹಣವನ್ನು ತೆಗೆದಿರಿಸಬಹುದು. ಅವಧಿ ಮುಗಿದರೂ ಬಳಸದಿದ್ದರೆ ಅದು ತೆರಿಗೆಗೆ ಒಳಪಡುತ್ತದೆ, ಬೇರೆ ಸಂಸ್ಥೆಗೆ ದಾನವಾಗಿ ದಾಟಿಸಲೂ ಆಗುವುದಿಲ್ಲ. ‘ಸಂಘದ ಅಭಿವೃದ್ಧಿಗಾಗಿ’ ಎಂದು ಬರೆದರೆ ಸಾಲದು. ‘ಸಭಾಭವನದ ಮಾಡಿನ ದುರಸ್ತಿಗಾಗಿ’ ಎಂದೇ ಬರೆಯಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, ಕಲಮುಗಳ ಸಂಖ್ಯೆ ಬದಲಾಗಿದೆ. ಆದರೆ 2025-26ರ ಲೆಕ್ಕಕ್ಕೆ ಹಳೆಯ ಕಾಯ್ದೆಯೇ ಅನ್ವಯವಾಗುತ್ತದೆ.

ಶಾಶ್ವತ ನಿಧಿಯ ಬಗ್ಗೆ ಕೋಶಾಧಿಕಾರಿಗಳಲ್ಲಿ ಒಂದು ವಿನಂತಿ. ದಾನವು ಶಾಶ್ವತ ನಿಧಿಗೇ ಸೇರಬೇಕೆಂಬ ದಾನಿಯ ಸ್ಪಷ್ಟ ಸೂಚನೆ ಇದ್ದಾಗ ಮಾತ್ರ ಅದನ್ನು ವರ್ಷದ ಆದಾಯದಿಂದ ಹೊರಗಿಡಬಹುದು. ಸಮಿತಿಯು ತಾನಾಗಿಯೇ ಒಂದು ಮೊತ್ತವನ್ನು ಶಾಶ್ವತ ನಿಧಿಯೆಂದು ಕರೆದರೆ ಅದು ಶಾಶ್ವತ ನಿಧಿಯಾಗುವುದಿಲ್ಲ. ಆ 9 ಲಕ್ಷದ ಹಿಂದಿರುವ ಒಂದೊಂದು ಪತ್ರವನ್ನೂ ಮಹಾಸಭೆಗೆ ಮುನ್ನ ತೆಗೆದು ನೋಡಿ.

ಮುಂಬೈ ಸದಸ್ಯ, ಹೋಟೆಲ್ ಉದ್ಯಮಿ

ಊರಿಗೆ ಬಂದಾಗಲೆಲ್ಲ ಸಭಾಭವನವನ್ನು ನೋಡುತ್ತೇನೆ. ಹೆಂಚು ಜಾರಿ ಮಳೆಯ ನೀರು ಒಳಗೆ ಬೀಳುವ ಜಾಗದಲ್ಲಿ ಮಕ್ಕಳು ಹೆಜ್ಜೆ ಕಲಿಯುತ್ತಿದ್ದಾರೆ. 18 ಲಕ್ಷ ಇಟ್ಟುಕೊಂಡು ಮಕ್ಕಳನ್ನು ಸೋರುವ ಮಾಡಿನ ಕೆಳಗೆ ನಿಲ್ಲಿಸುವುದನ್ನು ನಾನು ಒಪ್ಪಲಾರೆ. ಇಲ್ಲಿರುವ ನಮ್ಮವರಲ್ಲಿ ಹಣ ಕೇಳುವಾಗ ‘ಮೀಸಲು ನಿಧಿಗೆ ಕೊಡಿ’ ಎಂದರೆ ಯಾರೂ ಕೊಡುವುದಿಲ್ಲ; ‘ಕಟ್ಟಡಕ್ಕೆ ಕೊಡಿ’ ಎಂದರೆ ಕೊಡುತ್ತಾರೆ, ಏಕೆಂದರೆ ಕಟ್ಟಡ ಕಣ್ಣಿಗೆ ಕಾಣುತ್ತದೆ. ಶಾಶ್ವತ ನಿಧಿಯ 9 ಲಕ್ಷ, ಮಾಡಿನ 4 ಲಕ್ಷ ಎರಡನ್ನೂ ಸೇರಿಸಿ ಕೆಲಸ ಆರಂಭಿಸಿ, ಉಳಿದದ್ದನ್ನು ಇಲ್ಲಿಂದ ಒಟ್ಟುಗೂಡಿಸುವ ಜವಾಬ್ದಾರಿಯನ್ನು ನಾವು ವಹಿಸಿಕೊಳ್ಳುತ್ತೇವೆ. ಲಂಡನ್‌ನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರೂ 2 ಲಕ್ಷ ಕೊಡಲು ಮುಂದೆ ಬಂದಿದ್ದಾರೆ.

ಲೆಕ್ಕಪರಿಶೋಧಕಿ, ಮಂಗಳೂರು

ಮಾಡಿನ ಕೆಲಸ ಈ ವರ್ಷವೇ ಆಗಬೇಕೆಂಬುದರಲ್ಲಿ ಎರಡು ಮಾತಿಲ್ಲ; ಅದಕ್ಕೆಂದೇ 4 ಲಕ್ಷವಿದೆ. ಆದರೆ ಶಾಶ್ವತ ನಿಧಿಯ ಅಸಲನ್ನು ಕಟ್ಟಡಕ್ಕೆ ಹಾಕುವುದು ದಾನಿಗಳಿಗೆ ಕೊಟ್ಟ ಮಾತನ್ನು ಮುರಿದಂತೆ. ತೆರಿಗೆಯ ದೃಷ್ಟಿಯಿಂದಲೂ ಲಾಭವಿಲ್ಲ: ಶಾಶ್ವತ ನಿಧಿಯಿಂದ ಮಾಡಿದ ಖರ್ಚು ಶೇಕಡಾ 85ರ ಲೆಕ್ಕಕ್ಕೆ ಸೇರುವುದಿಲ್ಲ, ಐದು ವರ್ಷಗಳೊಳಗೆ ನಿಧಿಯನ್ನು ಪುನಃ ತುಂಬಿಸಿದ ವರ್ಷದಲ್ಲಿ ಮಾತ್ರ ಸೇರುತ್ತದೆ. ಮುಂಬೈಯ ದಾನಿಗಳು ‘ಸಭಾಭವನದ ನಿಧಿಗೆ’ ಎಂದು ಬರೆದೇ ಕೊಡಲಿ, ಆಗ ಹಣವೂ ದಾರಿಯೂ ಎರಡೂ ಸ್ಪಷ್ಟವಾಗಿರುತ್ತವೆ. ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ (ಹಳೆಯ ಕಾಯ್ದೆಯ 80ಜಿ) ಬೇಕಾದವರು 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡಬಾರದು.

ಲಂಡನ್‌ನವರ ವಿಷಯದಲ್ಲಿ ಬಹಳ ಎಚ್ಚರ ಬೇಕು. ಅವರು ಇಂದಿಗೂ ಭಾರತದ ಪಾಸ್‌ಪೋರ್ಟ್ ಹೊಂದಿದ್ದು, ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸುವುದಾದರೆ ಅಡ್ಡಿಯಿಲ್ಲ. ಬ್ರಿಟನ್ನಿನ ಪೌರತ್ವ ಪಡೆದಿದ್ದರೆ, ಹುಟ್ಟಿದ್ದು ಉಡುಪಿಯಲ್ಲೇ ಆದರೂ, ಅದು ವಿದೇಶಿ ದೇಣಿಗೆಯಾಗುತ್ತದೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ನಾವು ಅದನ್ನು ಸ್ವೀಕರಿಸುವಂತಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರಲ್ಲಿ ಹೆಚ್ಚಿನವರು ಭಾರತೀಯ ಪ್ರಜೆಗಳಾಗಿಯೇ ಉಳಿದಿರುವುದರಿಂದ ಅವರ ದೇಣಿಗೆಗೆ ಈ ತೊಡಕು ಬರುವುದಿಲ್ಲ. ಆದರೂ ಪಾಸ್‌ಪೋರ್ಟಿನ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ನಿವೃತ್ತ ಬ್ಯಾಂಕ್ ಅಧಿಕಾರಿ, ಕುಂದಾಪುರ

ಕೋಶಾಧಿಕಾರಿಗಳ ವಿವರಣೆ ಪ್ರಾಮಾಣಿಕವಾಗಿದೆ, ಆದರೆ ‘ಆರು ತಿಂಗಳ ಮೀಸಲು’ ಎಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ನಮ್ಮ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ನಮ್ಮ ಸಂಘದ ಆದಾಯ ಬರುವುದು ದೀಪಾವಳಿಯಿಂದ ಪತ್ತನಾಜೆಯವರೆಗೆ. ಪ್ರದರ್ಶನ, ಪ್ರಾಯೋಜಕತ್ವ, ವಾರ್ಷಿಕೋತ್ಸವದ ವಂತಿಗೆ ಎಲ್ಲವೂ ಆ ಅವಧಿಯಲ್ಲೇ. ಹಾಗಾಗಿ ಮಾರ್ಚ್ 31ರಂದು ಬ್ಯಾಂಕಿನಲ್ಲಿ ಕಾಣುವ ಹಣ ಸುಗ್ಗಿ ಮುಗಿದ ಮೇಲೆ ಪಣತ ತುಂಬಿದಂತೆ. ಅದನ್ನು ನೋಡಿ ವರ್ಷವಿಡೀ ಸಮೃದ್ಧಿ ಎಂದುಕೊಳ್ಳಬಾರದು. ಏಪ್ರಿಲ್, ಮೇ ತಿಂಗಳುಗಳು ಬೇಸಿಗೆ ಶಿಬಿರದಿಂದ ಹೇಗೋ ಸರಿದೂಗುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ತಿಂಗಳಿನಲ್ಲಿ ತರಗತಿ ನಡೆಯುತ್ತದೆ, ಗೌರವಧನ ಹೋಗುತ್ತದೆ, ಒಳಗೆ ಬರುವುದು ಅತ್ಯಲ್ಪ. ಐದು ತಿಂಗಳಿಗೆ 60,000ದಂತೆ 3 ಲಕ್ಷ. ಅಂದರೆ ನೀವು ಮೀಸಲು ಎನ್ನುವ 3.6 ಲಕ್ಷದ ಬಹುಪಾಲು ಪ್ರತಿ ಮಳೆಗಾಲವನ್ನು ದಾಟಲು ಬೇಕಾಗುವ ನಿತ್ಯದ ಹಣ. ಆಪತ್ತಿಗೆಂದು ಉಳಿಯುವುದು ಸುಮಾರು 60,000, ಒಂದೇ ತಿಂಗಳಿನ ಖರ್ಚು.

ಆದ್ದರಿಂದ ಮೀಸಲನ್ನು ಅಳೆಯಬೇಕಾದದ್ದು ಅಕ್ಟೋಬರ್ ಕೊನೆಯ ದಿನದಲ್ಲಿ. ಹಣ ಅತ್ಯಂತ ಕಡಿಮೆಯಿರುವ ದಿನದಂದೂ ಮೂರು ತಿಂಗಳ ಖರ್ಚು ಕೈಯಲ್ಲಿರಬೇಕು ಎಂದು ನಿರ್ಣಯವಾದರೆ ಅದಕ್ಕೆ ಅರ್ಥವಿದೆ. ಇಂದಿನ ಲೆಕ್ಕದಲ್ಲಿ ನಾವು ಆ ಗುರಿಗಿಂತ 1.2 ಲಕ್ಷದಷ್ಟು ಹಿಂದಿದ್ದೇವೆ. ವಂತಿಗೆ ಏಕೆ ಎಂದು ಕೇಳಿದವರಿಗೆ ಈ ಸಂಖ್ಯೆಯನ್ನೇ ತೋರಿಸಬಹುದು.

ಇನ್ನು ಹಣ ಎಲ್ಲಿರಬೇಕು ಎಂಬುದು. ಠೇವಣಿ ವಿಮೆಯ ರಕ್ಷಣೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಕೂಡಿ 5 ಲಕ್ಷದವರೆಗೆ. 2020ರ ಫೆಬ್ರವರಿಗೆ ಮೊದಲು ಇದು 1 ಲಕ್ಷವಿತ್ತು. ನಮ್ಮ ಜಿಲ್ಲೆಯ ಹಳಬರು ಸುರಕ್ಷತೆಗೆಂದು ಒಂದು ಪಾಲು ಕೆನರಾದಲ್ಲಿ, ಒಂದು ಪಾಲು ಸಿಂಡಿಕೇಟ್‌ನಲ್ಲಿ ಇಡುತ್ತಿದ್ದರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಮ್ಮ ಎರಡು ಠೇವಣಿಗಳೂ ಈಗ ಒಂದೇ ಬ್ಯಾಂಕಿನಲ್ಲಿವೆ, ವಿಮೆಯ ಮಿತಿಯೂ ಒಂದೇ. ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿಗೆ, ಮಂಗಳೂರಿನ ವಿಜಯಾ ಬ್ಯಾಂಕ್ ಅದಕ್ಕೆ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದವು. ದಿನಕ್ಕೆ ಎರಡಾಣೆಯ ಪಿಗ್ಮಿ ಸಂಗ್ರಹವನ್ನು 1928ರಲ್ಲಿ ಆರಂಭಿಸಿದ ನಾಡಿನವರಾದ ನಾವು ಉಳಿತಾಯವನ್ನು ಯಾರಿಂದಲೂ ಕಲಿಯಬೇಕಾಗಿಲ್ಲ, ಆದರೆ ಹಳೆಯ ಪಾಸ್‌ಪುಸ್ತಕಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸಬೇಕು.

ಪೋಷಕಿ, ಮಣಿಪಾಲ

ನಮ್ಮ ಬೀದಿಯಲ್ಲಿರುವ ಸೌಹಾರ್ದ ಸಹಕಾರಿಯಲ್ಲಿ ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಸಿಗುತ್ತದೆ, ನಡೆಸುವವರೂ ಪರಿಚಿತರು. ಶಾಶ್ವತ ನಿಧಿಯ ಸ್ವಲ್ಪ ಭಾಗವನ್ನಾದರೂ ಅಲ್ಲಿಟ್ಟರೆ ಮಕ್ಕಳ ತರಗತಿಗೆ ಅನುಕೂಲವಾಗಲಿಕ್ಕಿಲ್ಲವೇ? ತರಗತಿಯ ಶುಲ್ಕವನ್ನು ಏರಿಸುವ ಮಾತು ಬರುವ ಮೊದಲು ಈ ದಾರಿಯನ್ನು ಯೋಚಿಸಬೇಕೆಂದು ನನ್ನ ಕೋರಿಕೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಕುಂದಾಪುರ

ಅಮ್ಮಾ, ನಿಮ್ಮ ಕಾಳಜಿ ಸರಿಯಾದದ್ದೇ. ಸಹಕಾರಿ ಸಂಘಗಳು ನಮ್ಮ ಕರಾವಳಿಯಲ್ಲಿ ಸಾವಿರಾರು ಕುಟುಂಬಗಳಿಗೆ ಆಸರೆಯಾಗಿವೆ, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಠೇವಣಿ ವಿಮೆ ಇರುವುದು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರಿವೆ. ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಪತ್ತಿನ ಸಹಕಾರಿಗಳಿಗೆ, ವ್ಯವಸಾಯ ಸೇವಾ ಸಹಕಾರಿ ಸಂಘಗಳಿಗೆ ಆ ವಿಮೆಯಿಲ್ಲ. ವಿನಾಯಿತಿ ಪಡೆದ ಸಂಸ್ಥೆಯ ಹಣ ಎಲ್ಲಿರಬಹುದೆಂದು 1961ರ ಆದಾಯ ತೆರಿಗೆ ಕಾಯ್ದೆಯ 11(5)ನೇ ಕಲಮು ಪಟ್ಟಿ ಮಾಡಿದೆ: ಅಂಚೆ ಕಚೇರಿ, ಶೆಡ್ಯೂಲ್ಡ್ ಬ್ಯಾಂಕು, ಬ್ಯಾಂಕಿಂಗ್ ವ್ಯವಹಾರ ನಡೆಸುವ ಸಹಕಾರ ಸಂಘ ಇತ್ಯಾದಿ. ಬ್ಯಾಂಕಿಂಗ್ ಪರವಾನಗಿ ಇಲ್ಲದ ಸಂಘದಲ್ಲಿ ಇಟ್ಟರೆ ವಿನಾಯಿತಿಯ ಬಗ್ಗೆಯೇ ಪ್ರಶ್ನೆ ಏಳಬಹುದು. ಪರವಾನಗಿ ಇದ್ದರೂ ಎಚ್ಚರ ಬೇಕು ಎಂಬುದಕ್ಕೆ 2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ರಿಸರ್ವ್ ಬ್ಯಾಂಕ್ ನಿರ್ಬಂಧಿಸಿದ್ದೇ ಸಾಕ್ಷಿ. ಶಾಶ್ವತ ನಿಧಿಯ ಒಂದು ಲಕ್ಷವನ್ನು ಅಲ್ಲಿಟ್ಟು ಶೇಕಡಾ ಒಂದರಷ್ಟು ಹೆಚ್ಚು ಬಡ್ಡಿ ಬಂದರೆ ವರ್ಷಕ್ಕೆ ಸಿಗುವುದು ಸಾವಿರ ರೂಪಾಯಿ. ಅಷ್ಟಕ್ಕಾಗಿ ಅಸಲನ್ನು ಅಪಾಯಕ್ಕೆ ಒಡ್ಡಬಾರದು.

ಮೀಸಲು ನಿಧಿಯನ್ನು ಒಂದೇ ದೊಡ್ಡ ಠೇವಣಿ ಮಾಡುವುದೂ ಬೇಡ. ಮಳೆಗಾಲದ ತಿಂಗಳುಗಳಲ್ಲಿ ಒಂದೊಂದಾಗಿ ಅವಧಿ ಮುಗಿಯುವಂತೆ ಚಿಕ್ಕ ಚಿಕ್ಕ ಠೇವಣಿಗಳಾಗಿ ಒಡೆದರೆ, ಅವಧಿಗೆ ಮೊದಲು ಮುರಿದು ಬಡ್ಡಿ ಕಳೆದುಕೊಳ್ಳುವ ಸಂದರ್ಭ ಬರುವುದಿಲ್ಲ.

ಸ್ಥಾಪಕ ಸದಸ್ಯ, ನಿವೃತ್ತ ಶಿಕ್ಷಕ

ಅಕ್ಟೋಬರ್‌ನ ಲೆಕ್ಕ ನನ್ನ ಮನಸ್ಸಿಗೆ ನಾಟಿತು. ಮಳೆಗಾಲದಲ್ಲಿ ಗುರುಗಳಿಗೆ ಕೊಡಲು ಹಣವಿಲ್ಲದೆ ನಾವೇ ಕೈಯಿಂದ ಹಾಕುತ್ತಿದ್ದ ದಿನಗಳೂ ಇದ್ದವು, ಅದನ್ನೂ ಹೇಳಬೇಕು. ಮೀಸಲು ನಿಧಿಗೆ ನನ್ನ ವಿರೋಧವಿಲ್ಲ. ಆದರೆ ಎರಡು ಷರತ್ತು ನಿರ್ಣಯದಲ್ಲಿ ಸೇರಲೇಬೇಕು. ಮೀಸಲಿಗೆ ಮೇಲ್ಮಿತಿಯೂ ಇರಲಿ. ಅಕ್ಟೋಬರ್ ಕೊನೆಗೆ ಆರು ತಿಂಗಳ ಖರ್ಚಿಗಿಂತ ಹೆಚ್ಚು ಉಳಿದರೆ ಆ ಹೆಚ್ಚುವರಿ ಹಣ ಮರುವರ್ಷ ಮಕ್ಕಳಿಗೇ ಖರ್ಚಾಗಲಿ. ಮತ್ತು ವಂತಿಗೆ ಕೊಡುವ ಪ್ರತಿ ಮನೆಗೂ ಒಂದು ಪುಟದ ಲೆಕ್ಕ ತಲುಪಲಿ, ಯಾವ ನಿಧಿಯಲ್ಲಿ ಎಷ್ಟಿದೆ, ಯಾತಕ್ಕಾಗಿ ಇದೆ ಎಂದು. ಉಡುಪಿಯ ಯಕ್ಷಗಾನ ಕಲಾರಂಗದವರು ಕಲಾವಿದರಿಗೆ ಯಕ್ಷನಿಧಿ, ವಿದ್ಯಾರ್ಥಿಗಳಿಗೆ ವಿದ್ಯಾಪೋಷಕ್ ಎಂದು ಉದ್ದೇಶಕ್ಕೊಂದು ಹೆಸರಿಟ್ಟು ಕೆಲಸ ಮಾಡುತ್ತಿದ್ದಾರೆ, ಅದು ಕೊಡುವವರಿಗೂ ಸುಲಭವಾಗಿ ಅರ್ಥವಾಗುತ್ತದೆ. ನಾವು ಚಿಕ್ಕವರಾದರೂ ಆ ಕ್ರಮವನ್ನು ಅನುಸರಿಸಬಹುದು.

ಕೋಶಾಧಿಕಾರಿ, ಉಡುಪಿ

ಎಲ್ಲರ ಸಲಹೆಗಳನ್ನೂ ಸೇರಿಸಿ ನಿರ್ಣಯದ ಕರಡನ್ನು ತಿದ್ದಿದ್ದೇನೆ. ಮೀಸಲು ನಿಧಿಯನ್ನು ಪ್ರತಿ ವರ್ಷ ಅಕ್ಟೋಬರ್ 31ರಂದು ಅಳೆಯುವುದು. ಕನಿಷ್ಠ ಮೂರು ತಿಂಗಳು, ಗರಿಷ್ಠ ಆರು ತಿಂಗಳ ಖರ್ಚು. ಮೂರು ತಿಂಗಳಿನ ಮಟ್ಟವನ್ನು ಮುಟ್ಟಲು ಎರಡು ವರ್ಷದ ಗಡುವು. ನಿಧಿಯನ್ನು ಬಳಸಲು ಕಾರ್ಯಕಾರಿ ಸಮಿತಿಯ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ, ಮುಂದಿನ ಮಹಾಸಭೆಯಲ್ಲಿ ಅದರ ವರದಿ. ಸದಸ್ಯರಿಗಾಗಲಿ ಪದಾಧಿಕಾರಿಗಳಿಗಾಗಲಿ ಸಂಘದ ಹಣದಿಂದ ಕೈಸಾಲ ಕೊಡುವಂತಿಲ್ಲ. ವೇಷಭೂಷಣಕ್ಕೆ ಪ್ರತ್ಯೇಕ ನಿಧಿಯೊಂದನ್ನು ಈ ವರ್ಷವೇ ಆರಂಭಿಸುವುದು. ಮಾಡಿನ ದುರಸ್ತಿಗೆ ಈಗಿರುವ 4 ಲಕ್ಷವನ್ನು ಬಳಸುವುದು; ಮುಂಬೈ ಸದಸ್ಯರು ಒಟ್ಟುಗೂಡಿಸುವ ಹಣ ಸಭಾಭವನದ ನಿಧಿಗೆ ಸೇರುವುದು.

ದಾನಪತ್ರಗಳನ್ನು ಒಂದೊಂದಾಗಿ ನೋಡಿದೆ. 8 ಲಕ್ಷಕ್ಕೆ ‘ಶಾಶ್ವತ ನಿಧಿಗೆ, ಬಡ್ಡಿಯನ್ನು ಮಾತ್ರ ಬಳಸಬೇಕು’ ಎಂಬ ಸ್ಪಷ್ಟ ಬರಹವಿದೆ. ಉಳಿದ 1 ಲಕ್ಷದ ಪತ್ರದಲ್ಲಿ ದಾನಿಗಳು ತಮ್ಮ ತೀರಿಹೋದ ತಂದೆಯ ನೆನಪಿಗೆ ‘ಸಂಘದ ಏಳಿಗೆಗಾಗಿ’ ಎಂದಷ್ಟೇ ಬರೆದಿದ್ದಾರೆ. ಈ ಮೊತ್ತವನ್ನು ಹೇಗೆ ತೋರಿಸಬೇಕೆಂದು ನಮ್ಮ ಲೆಕ್ಕಪರಿಶೋಧಕರಲ್ಲಿ ಬರವಣಿಗೆಯಲ್ಲಿ ಕೇಳಿದ್ದೇನೆ, ಅವರ ಉತ್ತರವನ್ನು ಸಭೆಯಲ್ಲಿ ಓದಲಾಗುವುದು. ಮಹಾಸಭೆ ಮುಗಿದ 14 ದಿನಗಳೊಳಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕಾಗಿರುವುದರಿಂದ, ಕರಡಿನಲ್ಲಿ ತಿದ್ದುಪಡಿ ಸೂಚಿಸುವವರು ದಯವಿಟ್ಟು ಸಭೆಗೆ ಮೊದಲೇ ತಿಳಿಸಬೇಕು. ಲಂಡನ್‌ನ ಹಳೆಯ ವಿದ್ಯಾರ್ಥಿಗೆ ಪಾಸ್‌ಪೋರ್ಟಿನ ವಿಷಯ ಕೇಳಿ ಪತ್ರ ಕಳುಹಿಸಿದ್ದೇನೆ. ಉತ್ತರ ಬರುವವರೆಗೆ ಅವರಿಂದ ಹಣ ತರಿಸಿಕೊಳ್ಳಬಾರದೆಂದು ಮುಂಬೈ ಸದಸ್ಯರಲ್ಲಿ ವಿನಂತಿ.